ಕೂಸಿನ ತೂಕ ಏರದಿದ್ದರೆ ಮುಂದೇನು?



ನಮ್ಮ ಕನ್ನಡ ಕಾರ್ಯಕ್ರಮದಲ್ಲಿ ಫೋನ್ ಕರೆಗಳಿಗೆ ಇಟ್ಟಿರುವ ಸಮಯ ನಿಮಗೆಲ್ಲ ಗೊತ್ತೇ ಇದೆ. ಹೆಚ್ಚಿನವರು ಹಾಡು ಕೇಳುತ್ತಾರೆ, ಹುಟ್ಟುಹಬ್ಬದ ಶುಭಾಶಯ ಹೇಳಿಸುತ್ತಾರೆ. ಕಳೆದ ಚಳಿಗಾಲದಲ್ಲಿ ಒಂದು ದಿನ ನಾಚಾರಂ ಕಡೆಯಿಂದ ಬಂದ ಕರೆ ಮಾತ್ರ ಬೇರೆಯಾಗಿತ್ತು. ಕಲಬುರಗಿ ಕಡೆಯ ಹೆಣ್ಣುಮಗಳು. ಮದುವೆಯಾಗಿ ಹೈದರಾಬಾದಿಗೆ ಬಂದವಳು.

"ಅಕ್ಕಾ, ನಮ್ ಕೂಸಿನ ತೂಕಾನೇ ಏರವಲ್ದು. ಒಂಬತ್ತು ತಿಂಗಳಾತು. ಮುಂದ ಶಾಣ್ಯಾ ಆಗ್ತದೋ ಇಲ್ಲೋ ಅಂತ ಭಾಳ ಹೆದರಿಕಿ ಆಗ್ಯದ" ಎಂದಳು.

ಹೆಣ್ಣು ಕೂಸು. ಹುಟ್ಟಿದಾಗ 2.8 ಕಿಲೊ. ಆರನೆಯ ತಿಂಗಳಲ್ಲಿ 6.2. ಒಂಬತ್ತನೆಯ ತಿಂಗಳ ಚುಚ್ಚುಮದ್ದಿಗೆ ಕರೆದುಕೊಂಡು ಹೋದಾಗ ತಕ್ಕಡಿ ತೋರಿಸಿದ್ದು 6.4. ಮೂರು ತಿಂಗಳಿಗೆ ಬರೀ ಇನ್ನೂರು ಗ್ರಾಂ! ಮನೆಯಲ್ಲಿ ಅತ್ತೆ "ನಮ್ಮ ಮನಿತನದಾಗ ಎಲ್ಲಾರೂ ಸಣಕಲೇ, ಏನೂ ಆಗಂಗಿಲ್ಲ ಬಿಡು" ಅನ್ನುತ್ತಾರಂತೆ. ಪಕ್ಕದ ಮನೆಯವರು "ಮೆದುಳು ಬೆಳೆಯುವುದಿಲ್ಲ" ಎಂದು ಹೆದರಿಸಿದ್ದಾರಂತೆ. ಯಾರ ಮಾತು ನಿಜ?

ನಾನು ಕನ್ನಡದಲ್ಲಿ ಬಿ.ಎ. ಮಾಡಿದವಳು, ವೈದ್ಯಳಲ್ಲ. "ಮೊದಲು ಮಕ್ಕಳ ಡಾಕ್ಟರಿಗೆ ತೋರಿಸಮ್ಮಾ" ಎಂದು ಹೇಳಿ ಹಾಡು ಹಾಕಿ ಪಾರಾದೆ. ಆದರೆ ಮನೆಗೆ ಬಂದ ಮೇಲೂ ಆ ದನಿ ಕಿವಿಯಲ್ಲೇ ಇತ್ತು. ಅವಳ ಪ್ರಶ್ನೆಗೆ ಉತ್ತರ ಹುಡುಕುವ ಕೆಲಸ ದಶಕಗಳಿಂದ ನಡೆದಿರುವುದು ನಮ್ಮ ತಾರ್ನಾಕದಲ್ಲೇ ಎಂಬುದು ಓದುತ್ತಾ ಹೋದಂತೆ ತಿಳಿಯಿತು. ಅಲ್ಲಿಂದ ಶುರುಮಾಡಿ, ತಿಳಿದದ್ದನ್ನು ನಿಮ್ಮ ಮುಂದೆ ಇಡುತ್ತಿದ್ದೇನೆ.

ದಿನವೂ ದಾಟಿಹೋಗುವ ಗೇಟು

ತಾರ್ನಾಕದಿಂದ ಉಸ್ಮಾನಿಯಾ ವಿಶ್ವವಿದ್ಯಾಲಯದ ಕಡೆ ಓಡಾಡುವವರು ರಾಷ್ಟ್ರೀಯ ಪೋಷಣಾ ಸಂಸ್ಥೆಯ ಹೆಸರು ಕೇಳಿಯೇ ಇರುತ್ತೀರಿ. ಎನ್.ಐ.ಎನ್. ಎಂದರೆ ಆಟೋದವರಿಗೂ ಗೊತ್ತು. ಈ ಸಂಸ್ಥೆ ಹುಟ್ಟಿದ್ದು ಇಲ್ಲಲ್ಲ, ನೀಲಗಿರಿಯ ಕೂನೂರಿನಲ್ಲಿ, 1918ರಲ್ಲಿ. ಬೆರಿಬೆರಿ ರೋಗದ ಕಾರಣ ಹುಡುಕಲು ರಾಬರ್ಟ್ ಮೆಕ್ಯಾರಿಸನ್ ಒಂದೇ ಕೋಣೆಯಲ್ಲಿ ಆರಂಭಿಸಿದ ಕೆಲಸ ಅದು. 1958ರಲ್ಲಿ ಹೈದರಾಬಾದಿಗೆ ಬಂತು. 1969ರಲ್ಲಿ ಈಗಿನ ಹೆಸರು ಪಡೆಯಿತು.

ಅನ್ನ ಸಾಲದ ಮಗುವಿನ ಬುದ್ಧಿಯ ಬೆಳವಣಿಗೆ ಏನಾಗುತ್ತದೆ ಎಂದು ಇಲ್ಲಿನವರು 1960ರ ದಶಕದಲ್ಲೇ ಕೇಳಿದ್ದರು. ಎಸ್. ಚಂಪಕಂ, ಎಸ್.ಜಿ. ಶ್ರೀಕಂಠಯ್ಯ ಮತ್ತು ಸಿ. ಗೋಪಾಲನ್ ಸೇರಿ 1968ರಲ್ಲಿ ಪ್ರಕಟಿಸಿದ ಅಧ್ಯಯನ ಬಹಳ ಹೆಸರಾದದ್ದು. ಒಂದೂವರೆಯಿಂದ ಮೂರು ವರ್ಷದೊಳಗೆ ಕ್ವಾಷಿಯೋರ್ಕರ್ ಆಗಿ, ಅಂದರೆ ಪೋಷಣೆಯಿಲ್ಲದೆ ಮೈ ಊದಿ, ಚಿಕಿತ್ಸೆಯಿಂದ ಬದುಕಿದ 19 ಮಕ್ಕಳನ್ನು ಅವರು 8ರಿಂದ 11 ವರ್ಷದ ವಯಸ್ಸಿನಲ್ಲಿ ಮತ್ತೆ ಪರೀಕ್ಷಿಸಿದರು. ಅದೇ ರೀತಿಯ ಮನೆಗಳ ಬೇರೆ ಮಕ್ಕಳ ಜೊತೆ ಹೋಲಿಸಿದಾಗ ಇವರು ಹಿಂದೆ ಉಳಿದಿದ್ದರು. ಆದರೆ ಎಂಟು ಒಂಬತ್ತು ವರ್ಷದವರಲ್ಲಿ ಕಂಡಷ್ಟು ಅಂತರ ಹತ್ತು ಹನ್ನೊಂದು ವರ್ಷದವರಲ್ಲಿ ಇರಲಿಲ್ಲ.

ಇದು ತೀರಾ ಕಠಿಣ ಕಾಯಿಲೆಯ ಕಥೆ. ನಮ್ಮ ನಾಚಾರಂ ಕೂಸಿನದು ಅದಲ್ಲ. ತೂಕ ನಿಧಾನವಾಗಿ ಏರುವ ಸಾಮಾನ್ಯ ಮಗುವಿನ ಗತಿಯೇನು? ಅದಕ್ಕೆ ಮೊದಲು "ನಿಧಾನ" ಎಂದರೆ ಎಷ್ಟು ಎಂಬುದು ತಿಳಿದಿರಬೇಕು.

ತೂಕ ಎಷ್ಟಿದೆ, ಗೆರೆ ಎತ್ತ ಹೋಗುತ್ತಿದೆ

ಹುಟ್ಟಿದ ಮೊದಲ ಕೆಲವು ದಿನ ಎಲ್ಲ ಕೂಸುಗಳೂ ಸ್ವಲ್ಪ ಇಳಿಯುತ್ತವೆ. ಎರಡು ವಾರದೊಳಗೆ ಹುಟ್ಟಿದಾಗಿನ ತೂಕಕ್ಕೆ ಮರಳುತ್ತವೆ. ಆಮೇಲೆ ಮೂರು ತಿಂಗಳವರೆಗೆ ದಿನಕ್ಕೆ ಸುಮಾರು 25ರಿಂದ 30 ಗ್ರಾಂ ಏರುತ್ತದೆ. ಸುಮಾರು ಐದು ತಿಂಗಳಿಗೆ ಹುಟ್ಟುತೂಕದ ಎರಡರಷ್ಟು, ವರ್ಷಕ್ಕೆ ಸುಮಾರು ಮೂರರಷ್ಟು ಆಗಬೇಕು.

ವಿಶ್ವ ಆರೋಗ್ಯ ಸಂಸ್ಥೆ 2006ರಲ್ಲಿ ಹೊಸ ಬೆಳವಣಿಗೆ ಪಟ್ಟಿ ತಂದಿತು. ಆರು ದೇಶಗಳಲ್ಲಿ, ತಾಯಿಹಾಲು ಕುಡಿದು ಚೆನ್ನಾಗಿ ಬೆಳೆದ ಮಕ್ಕಳನ್ನು ಅಳೆದು ಮಾಡಿದ್ದು ಅದು. ಭಾರತದಿಂದ ದೆಹಲಿಯ ಮಕ್ಕಳೂ ಅದರಲ್ಲಿದ್ದರು. ಆದ್ದರಿಂದ "ಅದು ಬಿಳಿಯರ ಲೆಕ್ಕ, ನಮಗಲ್ಲ" ಅನ್ನುವಂತಿಲ್ಲ. ಆ ಪಟ್ಟಿಯಂತೆ ಒಂದು ವರ್ಷದ ಹುಡುಗನ ನಡುಮಟ್ಟದ ತೂಕ 9.6 ಕಿಲೊ, ಹುಡುಗಿಯದು 8.9. ಹುಡುಗ 7.7ಕ್ಕಿಂತ, ಹುಡುಗಿ 7 ಕಿಲೊಗಿಂತ ಕಡಿಮೆಯಿದ್ದರೆ ಅದು ಕಡಿಮೆ ತೂಕ.

ಆದರೆ ಒಂದು ದಿನದ ತೂಕವನ್ನು ಮಾತ್ರ ನೋಡಿ ತೀರ್ಮಾನಕ್ಕೆ ಬರಬೇಡಿ. ಎರಡೂವರೆ ಕಿಲೊ ಹುಟ್ಟಿದ ಮಗು ತನ್ನದೇ ಗೆರೆಯ ಮೇಲೆ ತಿಂಗಳು ತಿಂಗಳೂ ಏರುತ್ತಿದ್ದರೆ ಅದು ಸಣ್ಣ ಮಗು ಅಷ್ಟೇ. ಚಿಂತೆ ಮಾಡಬೇಕಾದದ್ದು ಗೆರೆ ಮಟ್ಟಸವಾದಾಗ ಅಥವಾ ಕೆಳಗಿನ ಗೆರೆಗೆ ಜಾರಿದಾಗ. ಅಂಗನವಾಡಿಯಲ್ಲಿ ಕೊಡುವ ತಾಯಿ ಮಗುವಿನ ಕಾರ್ಡಿನಲ್ಲಿ ಹಸಿರು, ಹಳದಿ, ಕಿತ್ತಳೆ ಪಟ್ಟಿಗಳಿರುವುದು ಇದಕ್ಕೇ. ಹಸಿರಿನಲ್ಲಿದ್ದರೆ ಸರಿ, ಹಳದಿ ಎಂದರೆ ಎಚ್ಚರ, ಕಿತ್ತಳೆ ಎಂದರೆ ತಡಮಾಡಬೇಡಿ.

ನಾಚಾರಂ ಕೂಸು ಆರು ತಿಂಗಳಲ್ಲಿ ಹಸಿರಿನ ಒಳಗೇ ಇತ್ತು. ಒಂಬತ್ತಕ್ಕೆ ಹಳದಿಗೆ ಜಾರಿತ್ತು. ಅತ್ತೆಯವರ "ಮನೆತನ" ಇದಕ್ಕೆ ಉತ್ತರವಲ್ಲ. ಮನೆತನ ಮೂರು ತಿಂಗಳಲ್ಲಿ ಬದಲಾಗುವುದಿಲ್ಲವಲ್ಲ!

ಹಾಗಾದರೆ ಮೆದುಳು?

ಇಂಗ್ಲೆಂಡಿನ ಬ್ರಿಸ್ಟಲ್ ಸುತ್ತಮುತ್ತ 1990ರ ದಶಕದ ಆರಂಭದಲ್ಲಿ ಹುಟ್ಟಿದ ಸಾವಿರಾರು ಮಕ್ಕಳನ್ನು ವಿಜ್ಞಾನಿಗಳು ಇಂದಿಗೂ ಗಮನಿಸುತ್ತಿದ್ದಾರೆ. ಅವರಲ್ಲಿ 11,499 ಮಕ್ಕಳ ಲೆಕ್ಕ 2013ರಲ್ಲಿ ಪ್ರಕಟವಾಯಿತು. ಮೊದಲ ಎಂಟು ವಾರದಲ್ಲಿ ತೂಕ ಏರದ ಮಕ್ಕಳು ಎರಡು ವರ್ಷದ ಹೊತ್ತಿಗೆ ಬಹುಮಟ್ಟಿಗೆ ಜೊತೆಯವರನ್ನು ಹಿಡಿದಿದ್ದರು. ಎಂಟು ವಾರದಿಂದ ಒಂಬತ್ತು ತಿಂಗಳ ನಡುವೆ ನಿಧಾನವಾದವರು ಏಳು ವರ್ಷದವರೆಗೂ ಹಿಂದೆಯೇ ಇದ್ದು, ಏಳರಿಂದ ಹತ್ತರ ನಡುವೆ ಬೇಗ ಬೆಳೆದರು. ಆದರೂ 13ನೆಯ ವಯಸ್ಸಿನಲ್ಲಿ ಸರಾಸರಿ 4 ಸೆಂಟಿಮೀಟರ್ ಗಿಡ್ಡ, 5.5 ಕಿಲೊ ಹಗುರವಾಗಿದ್ದರು.

ಬುದ್ಧಿಯ ಲೆಕ್ಕವನ್ನು ಅದೇ ಮಕ್ಕಳಲ್ಲಿ 2007ರಲ್ಲೇ ನೋಡಿದ್ದರು. ಮೊದಲ ಎಂಟು ವಾರದಲ್ಲಿ ತೂಕ ಏರದವರಿಗೆ ಎಂಟನೆಯ ವಯಸ್ಸಿನ ಬುದ್ಧಿಮತ್ತೆ ಪರೀಕ್ಷೆಯಲ್ಲಿ ಸರಾಸರಿ ಸುಮಾರು ಮೂರು ಅಂಕ ಕಡಿಮೆ. ನೂರನ್ನು ಸರಾಸರಿ ಎಂದಿಟ್ಟುಕೊಂಡ ಪರೀಕ್ಷೆಯಲ್ಲಿ ಮೂರು ಅಂಕ. ಇಷ್ಟು ವ್ಯತ್ಯಾಸ ಒಂದು ಮಗುವನ್ನು "ದಡ್ಡ" ಮಾಡುವುದಿಲ್ಲ. ಎಂಟು ವಾರದ ನಂತರ ನಿಧಾನವಾದವರಲ್ಲಿ ಈ ವ್ಯತ್ಯಾಸವೇ ಕಾಣಲಿಲ್ಲ.

ಪಕ್ಕದ ಮನೆಯವರ ಹೆದರಿಕೆಗೆ ಇದು ಉತ್ತರ. ಆದರೆ ಪೂರ್ತಿ ಉತ್ತರವಲ್ಲ. ಬ್ರಿಸ್ಟಲ್ ಮಕ್ಕಳಿಗೆ ಹಾಲು, ಊಟ, ಡಾಕ್ಟರು ಎಲ್ಲವೂ ಕೈಗೆಟಕುವಂತಿತ್ತು. ಹೆಚ್ಚಿನವರಿಗೆ ಹಸಿವು ತಿಂಗಳುಗಟ್ಟಲೆ ಎಳೆಯಲಿಲ್ಲ. ನಮ್ಮಲ್ಲಿ ಕಥೆ ಬೇರೆ. 2019-21ರ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯ ಪ್ರಕಾರ ಐದು ವರ್ಷದೊಳಗಿನ ಮಕ್ಕಳಲ್ಲಿ ಕಡಿಮೆ ತೂಕದವರು ತೆಲಂಗಾಣದಲ್ಲಿ ಶೇಕಡ 31.8, ಕರ್ನಾಟಕದಲ್ಲಿ ಶೇಕಡ 32.9. ಮೂರಕ್ಕೆ ಒಂದು ಮಗು! ತೂಕದ ಕೊರತೆ ಎರಡು ವರ್ಷದವರೆಗೂ ಎಳೆದು ಎತ್ತರವನ್ನೂ ತಡೆದರೆ ನಷ್ಟ ದೊಡ್ಡದು. ಭಾರತವೂ ಸೇರಿ ಐದು ದೇಶಗಳಲ್ಲಿ ಮಕ್ಕಳನ್ನು ದೊಡ್ಡವರಾಗುವವರೆಗೆ ಗಮನಿಸಿದ ಅಧ್ಯಯನಗಳನ್ನು 2008ರಲ್ಲಿ ಒಟ್ಟಿಗೆ ಇಟ್ಟು ನೋಡಿದಾಗ, ಮೊದಲ ಎರಡು ವರ್ಷ ಸೊರಗಿದವರು ಎತ್ತರದಲ್ಲಿ, ಶಾಲೆಯ ಓದಿನಲ್ಲಿ, ದುಡಿಮೆಯಲ್ಲಿ ಹಿಂದೆ ಉಳಿದದ್ದು ಕಂಡುಬಂತು. ಕಾರಣ ಸರಳ. ದೊಡ್ಡವರ ಮೆದುಳಿನ ತೂಕದ ಮುಕ್ಕಾಲು ಪಾಲು ಎರಡು ವರ್ಷದೊಳಗೇ ಬಂದಿರುತ್ತದೆ. ಆ ಹೊತ್ತಿನಲ್ಲಿ ಕೊಡದ ಅನ್ನವನ್ನು ಹತ್ತನೆಯ ವಯಸ್ಸಿನಲ್ಲಿ ಕೊಟ್ಟರೆ ಪೂರ್ತಿ ಸರಿದೂಗುವುದಿಲ್ಲ.

ಒಂದು ಬಟ್ಟಲು ಉಪ್ಪಿಟ್ಟಿನ ಲೆಕ್ಕ

ಸರಿಯಾದ ಹೊತ್ತಿಗೆ ಕೊಟ್ಟರೆ ಏನಾಗುತ್ತದೆ? ಇದಕ್ಕೆ ಉತ್ತರ ಸಿಕ್ಕಿದ್ದು ನಮ್ಮ ಊರ ಹೊರವಲಯದಲ್ಲೇ.

1975ರ ಅಕ್ಟೋಬರ್ 2ರಂದು ದೇಶದ 33 ಕಡೆ ಅಂಗನವಾಡಿ ಯೋಜನೆ ಶುರುವಾಯಿತು. ಕರ್ನಾಟಕದಲ್ಲಿ ಮೊದಲು ಬಂದದ್ದು ಮೈಸೂರು ಜಿಲ್ಲೆಯ ಟಿ. ನರಸೀಪುರಕ್ಕೆ. ಅದು ಊರಿಂದೂರಿಗೆ ಹಂತಹಂತವಾಗಿ ಹರಡಿತು. 1987ರಿಂದ 1990ರವರೆಗೆ ಹೈದರಾಬಾದ್ ಸಮೀಪದ ಕೆಲವು ಹಳ್ಳಿಗಳಿಗೆ ಯೋಜನೆ ಬಂದಿತ್ತು, ಪಕ್ಕದ ಹಳ್ಳಿಗಳಿಗೆ ಇನ್ನೂ ಬಂದಿರಲಿಲ್ಲ. ತಾರ್ನಾಕದ ಸಂಸ್ಥೆಯವರು ಇದನ್ನೇ ಉಪಯೋಗಿಸಿಕೊಂಡರು. ಆಹಾರ ಸಿಗುವ 15 ಹಳ್ಳಿ ಒಂದು ಕಡೆ, ಸಿಗದ 14 ಹಳ್ಳಿ ಇನ್ನೊಂದು ಕಡೆ. ಕೊಟ್ಟದ್ದು ಏನು ಗೊತ್ತೆ? ಮೆಕ್ಕೆಜೋಳ ಮತ್ತು ಸೋಯಾ ಹಿಟ್ಟಿನಿಂದ ಮಾಡಿದ ಉಪ್ಮಾ. ನಮ್ಮ ಬಾಯಲ್ಲಿ ಉಪ್ಪಿಟ್ಟು! ಗರ್ಭಿಣಿ ಮತ್ತು ಬಾಣಂತಿಗೆ ದಿನಕ್ಕೆ ಸುಮಾರು 500 ಕ್ಯಾಲರಿ, ಮಗುವಿಗೆ ಸುಮಾರು 300 ಕ್ಯಾಲರಿ ಸಿಗುವಷ್ಟು.

ಮೊದಲು ಕಂಡ ಫಲ ಚಿಕ್ಕದು. ಹುಟ್ಟುತೂಕ ಸರಾಸರಿ 61 ಗ್ರಾಂ ಹೆಚ್ಚು. "ಇಷ್ಟೇನಾ?" ಅನ್ನಿಸಬಹುದು. ಆದರೆ ಆ ಕೂಸುಗಳು 13ರಿಂದ 18 ವರ್ಷದವರಾದಾಗ ಮತ್ತೆ ಹಳ್ಳಿಗಳಿಗೆ ಹೋಗಿ 1,165 ಮಂದಿಯನ್ನು ಪರೀಕ್ಷಿಸಿದರು. 2008ರಲ್ಲಿ ಫಲಿತಾಂಶ ಬಂತು. ಉಪ್ಪಿಟ್ಟಿನ ಹಳ್ಳಿಯವರು ಸರಾಸರಿ 14 ಮಿಲಿಮೀಟರ್ ಎತ್ತರ. ರಕ್ತನಾಳಗಳು ಹೆಚ್ಚು ಮೆತ್ತಗಿದ್ದವು. ಸಕ್ಕರೆ ಕಾಯಿಲೆಗೆ ದಾರಿ ಮಾಡುವ ಇನ್ಸುಲಿನ್ ಪ್ರತಿರೋಧ ಶೇಕಡ 20ರಷ್ಟು ಕಡಿಮೆ. ಮುಂದೆ ಇಪ್ಪತ್ತು ದಾಟಿದಾಗ ನೋಡಿದರೆ, ಅವರಲ್ಲಿ ಶಾಲೆ ಕಾಲೇಜು ಮುಗಿಸಿದವರು ಹೆಚ್ಚು, ಬೇಗ ಮದುವೆಯಾದವರು ಕಡಿಮೆ.

ಹಳ್ಳಿಗಳನ್ನು ಚೀಟಿ ಎತ್ತಿ ಆರಿಸಿರಲಿಲ್ಲ, ಹಾಗಾಗಿ ಎಲ್ಲವೂ ಉಪ್ಪಿಟ್ಟಿನ ಮಹಿಮೆ ಎಂದು ಹೇಳಲಾಗದು. ಆದರೂ ಹೊಟ್ಟೆಯಲ್ಲಿದ್ದಾಗ ಮತ್ತು ಮೊದಲ ವರ್ಷಗಳಲ್ಲಿ ಸಿಕ್ಕ ಒಂದು ಬಟ್ಟಲು ಆಹಾರ ಇಪ್ಪತ್ತು ವರ್ಷದ ನಂತರವೂ ಗುರುತು ಉಳಿಸಬಲ್ಲದು ಎಂಬುದಕ್ಕೆ ಇದಕ್ಕಿಂತ ಹತ್ತಿರದ ಸಾಕ್ಷಿ ನನಗೆ ಸಿಗಲಿಲ್ಲ.

ಇದೇ ರೀತಿಯ ಇನ್ನೊಂದು ಸಾಕ್ಷಿ ನಮ್ಮ ಮೈಸೂರಿನಲ್ಲಿದೆ. ಅಲ್ಲಿನ ಹೋಲ್ಡ್ಸ್‌ವರ್ತ್ ಆಸ್ಪತ್ರೆಯಲ್ಲಿ, ಹಳಬರು ಮಿಷನ್ ಆಸ್ಪತ್ರೆ ಎನ್ನುತ್ತಾರಲ್ಲ ಅಲ್ಲಿ, 1934ರಿಂದಲೂ ಹುಟ್ಟಿದ ಮಕ್ಕಳ ತೂಕ, ಉದ್ದ, ತಲೆಯ ಸುತ್ತಳತೆ ಬರೆದಿಟ್ಟಿದ್ದರು. ಆ ಮಕ್ಕಳಲ್ಲಿ 517 ಮಂದಿಯನ್ನು ದೊಡ್ಡವರಾದ ಮೇಲೆ ಹುಡುಕಿ ಪರೀಕ್ಷಿಸಿ 1996ರಲ್ಲಿ ಪ್ರಕಟಿಸಿದಾಗ, ಎರಡೂವರೆ ಕಿಲೊ ಅಥವಾ ಕಡಿಮೆ ಹುಟ್ಟಿದವರಲ್ಲಿ ಶೇಕಡ 11 ಮಂದಿಗೆ ಹೃದಯದ ಕಾಯಿಲೆ ಇತ್ತು. 3.1 ಕಿಲೊ ಮೀರಿ ಹುಟ್ಟಿದವರಲ್ಲಿ ಶೇಕಡ 3 ಮಾತ್ರ. ಇದು ಹುಟ್ಟುತೂಕದ ಮಾತು, ಆಮೇಲಿನ ಏರಿಕೆಯದಲ್ಲ. ಆದರೆ ಎಳವೆಯ ತೂಕ ಎಳವೆಯಲ್ಲೇ ಮುಗಿದುಹೋಗುವ ಸಂಗತಿಯಲ್ಲ ಎಂದು ಇದೂ ಹೇಳುತ್ತದೆ.

ಹಾಗಂತ ತುರುಕಬೇಡಿ

ಇದನ್ನೆಲ್ಲ ಓದಿ ನಾಳೆಯಿಂದಲೇ ಮಗುವಿನ ಬಾಯಿಗೆ ತುಪ್ಪ ಸಕ್ಕರೆ ತುರುಕಲು ಹೊರಡಬೇಡಿ. ದೆಹಲಿಯಲ್ಲಿ ಹುಟ್ಟಿನಿಂದ ಗಮನಿಸಿದ 1,492 ಮಂದಿಯ ಅಧ್ಯಯನ 2004ರಲ್ಲಿ ಬಂತು. 26ರಿಂದ 32ರ ವಯಸ್ಸಿನಲ್ಲಿ ಸಕ್ಕರೆ ಕಾಯಿಲೆ ಅಥವಾ ಅದರ ಹೊಸ್ತಿಲಿಗೆ ಬಂದವರು ಬಹುಪಾಲು ಎರಡು ವರ್ಷದವರೆಗೆ ತೆಳ್ಳಗಿದ್ದು, ಆಮೇಲೆ ಹನ್ನೆರಡರವರೆಗೆ ಬೇಗ ಬೇಗ ಮೈ ತುಂಬಿಕೊಂಡವರು. ಅಂದರೆ ತೂಕ ಸರಿಹೋಗಬೇಕಾದದ್ದು ಮೊದಲ ಎರಡು ವರ್ಷದೊಳಗೆ. ಎರಡು ವರ್ಷ ಸುಮ್ಮನಿದ್ದು, ಆಮೇಲೆ ಚಿಪ್ಸು, ಚಾಕಲೇಟು ಕೊಟ್ಟು ಗುಂಡಗೆ ಮಾಡಿದರೆ ಒಂದು ತೊಂದರೆಯ ಮೇಲೆ ಇನ್ನೊಂದನ್ನು ಪೇರಿಸಿದಂತೆ.

ತೂಕ ಏಕೆ ನಿಲ್ಲುತ್ತದೆ?

ಮೊದಲ ಎರಡು ತಿಂಗಳಲ್ಲಿ ಹೆಚ್ಚಾಗಿ ಹಾಲೂಡಿಸುವ ತೊಂದರೆ. ಮಗು ಸರಿಯಾಗಿ ಮೊಲೆ ಹಿಡಿಯದಿರುವುದು, ದಿನಗಟ್ಟಲೆ ನಿದ್ದೆ ಮಾಡಿ ಕುಡಿಯದಿರುವುದು. ಆರು ತಿಂಗಳ ನಂತರ ಹೆಚ್ಚಾಗಿ ಊಟದ ತೊಂದರೆ, ಜೊತೆಗೆ ಮತ್ತೆ ಮತ್ತೆ ಭೇದಿ, ಕೆಮ್ಮು, ಜ್ವರ. ಕೆಲವರಲ್ಲಿ ಹೃದಯ, ಮೂತ್ರಪಿಂಡ, ಥೈರಾಯ್ಡ್ ತೊಂದರೆಯೂ ಇರಬಹುದು. ಅದನ್ನು ಹೇಳಬೇಕಾದವರು ಡಾಕ್ಟರೇ.

ನಾಚಾರಂ ಹೆಣ್ಣುಮಗಳನ್ನು ಆಮೇಲೆ ಫೋನಿನಲ್ಲಿ ಮಾತಾಡಿಸಿದಾಗ ಕೂಸಿಗೆ ಏನು ಕೊಡುತ್ತೀರಿ ಎಂದು ಕೇಳಿದೆ. ಬೆಳಿಗ್ಗೆ ಚಹಾದಲ್ಲಿ ಅದ್ದಿದ ಉಸ್ಮಾನಿಯಾ ಬಿಸ್ಕತ್ತು. ಮಧ್ಯಾಹ್ನ ಬೇಳೆ ಕಟ್ಟು. ರಾತ್ರಿ ಗಂಜಿ ತಿಳಿ. ಹೊಟ್ಟೆ ತುಂಬುತ್ತಿತ್ತು, ಆದರೆ ನೀರಿನಿಂದ. ಬೇಳೆಯ ಸತ್ವವೆಲ್ಲ ಪಾತ್ರೆಯ ತಳದಲ್ಲಿ, ಕೂಸಿಗೆ ಮೇಲಿನ ತಿಳಿ! ಚಹಾ ಕಬ್ಬಿಣದ ಅಂಶ ಮೈಗೆ ಹತ್ತದಂತೆ ಮಾಡುತ್ತದೆ. ಇದರಲ್ಲಿ ಯಾರ ತಪ್ಪೂ ಇಲ್ಲ. "ಎಳೇ ಕೂಸಿಗೆ ಗಟ್ಟಿ ಕೊಟ್ಟರೆ ಜೀರ್ಣವಾಗದು" ಎಂಬ ಪ್ರೀತಿಯ ಭಯವೇ ಕಾರಣ.

ಏನು ಮಾಡಬಹುದು?

ಆರು ತಿಂಗಳು ತುಂಬುವವರೆಗೆ ತಾಯಿಹಾಲು ಮಾತ್ರ. ನೀರೂ ಬೇಡ. ಆಮೇಲೆ ತಾಯಿಹಾಲಿನ ಜೊತೆ ಮೆತ್ತಗಿನ, ಆದರೆ ಗಟ್ಟಿ ಆಹಾರ. ಚಮಚ ಓರೆ ಮಾಡಿದರೆ ಜಾರಿ ಹರಿಯಬಾರದು, ನಿಲ್ಲಬೇಕು. ಇದು ಸುಲಭದ ಪರೀಕ್ಷೆ. ರಾಗಿ ಸರಿ, ಬೇಳೆಯನ್ನೇ ಕಿವುಚಿದ ಅನ್ನ, ಹಿಸುಕಿದ ಬಾಳೆಹಣ್ಣು, ಬೇಯಿಸಿದ ಸೊಪ್ಪು ತರಕಾರಿ. ತಿನ್ನುವ ಮನೆಯಾದರೆ ಚೆನ್ನಾಗಿ ಬೆಂದ ಮೊಟ್ಟೆ. ಬಟ್ಟಲಿಗೆ ಒಂದು ಚಿಕ್ಕ ಚಮಚ ತುಪ್ಪ ಅಥವಾ ಎಣ್ಣೆ. ಕೂಸಿನ ಹೊಟ್ಟೆ ಚಿಕ್ಕದು, ಆದ್ದರಿಂದ ತುತ್ತು ಸತ್ವದ್ದಾಗಿರಬೇಕು.

ಆರರಿಂದ ಎಂಟು ತಿಂಗಳಿಗೆ ದಿನಕ್ಕೆ ಎರಡು ಮೂರು ಬಾರಿ. ಒಂಬತ್ತರ ನಂತರ ಮೂರು ನಾಲ್ಕು ಬಾರಿ, ನಡುವೆ ಒಂದೆರಡು ಬಾರಿ ತಿಂಡಿ. ಜ್ವರ ಭೇದಿ ಬಂದಾಗ ಊಟ ನಿಲ್ಲಿಸಬೇಡಿ. ವಾಸಿಯಾದ ಮೇಲೆ ಕೆಲದಿನ ಒಂದು ಹೊತ್ತು ಹೆಚ್ಚು ಕೊಡಿ. ವರ್ಷದೊಳಗೆ ಜೇನುತುಪ್ಪ ನೆಕ್ಕಿಸಬೇಡಿ, ಅಪಾಯ. ಏಳು ತಿಂಗಳಿಂದ ಮೂರು ವರ್ಷದ ಮಕ್ಕಳಿಗೆ ತೆಲಂಗಾಣದ ಅಂಗನವಾಡಿಗಳಲ್ಲಿ ಬಾಲಾಮೃತಂ ಹಿಟ್ಟು ಕೊಡುತ್ತಾರೆ. ನಾವು ಕನ್ನಡದವರು, ನಮಗೆ ಸಿಗುತ್ತದೋ ಇಲ್ಲವೋ ಎಂದು ಸಂಕೋಚ ಬೇಡ, ಹೋಗಿ ಕೇಳಿ.

ಇವು ಕಂಡರೆ ಕಾಯಬೇಡಿ: ಎರಡು ತಿಂಗಳು ಒಂದೇ ಸಮ ತೂಕ ಏರದಿರುವುದು, ದಿನಕ್ಕೆ ಆರು ಬಾರಿಗಿಂತ ಕಡಿಮೆ ಮೂತ್ರ, ಹಾಲು ಕುಡಿಯುವಾಗ ಬೆವರುವುದು ಅಥವಾ ಏದುಸಿರು, ನಿಲ್ಲದ ವಾಂತಿ ಭೇದಿ, ಪಾದ ಊದುವುದು. ಮೂರು ತಿಂಗಳಾದರೂ ನಗದಿದ್ದರೆ, ಐದಾದರೂ ಕತ್ತು ನಿಲ್ಲದಿದ್ದರೆ, ಒಂಬತ್ತಾದರೂ ಕೂರದಿದ್ದರೆ ತೂಕ ಎಷ್ಟೇ ಇರಲಿ, ಡಾಕ್ಟರಿಗೆ ತೋರಿಸಿ.

ಇನ್ನೊಂದು ಆಹಾರ

ಕೊನೆಯದಾಗಿ, ರೇಡಿಯೋದವಳಾದ ನನಗೆ ಬಹಳ ಇಷ್ಟವಾದ ಮಾತು. ಜಮೈಕಾ ದೇಶದಲ್ಲಿ 1980ರ ದಶಕದಲ್ಲಿ ಒಂಬತ್ತು ತಿಂಗಳಿಂದ ಎರಡು ವರ್ಷದೊಳಗಿನ, ಬೆಳವಣಿಗೆ ಕುಂಠಿತವಾದ 129 ಮಕ್ಕಳನ್ನು ಗುಂಪು ಮಾಡಿದರು. ಕೆಲವರಿಗೆ ಪೌಷ್ಟಿಕ ಆಹಾರ. ಕೆಲವರ ಮನೆಗೆ ವಾರಕ್ಕೊಮ್ಮೆ ಆರೋಗ್ಯ ಕಾರ್ಯಕರ್ತೆ ಹೋಗಿ, ಮಗುವಿನೊಡನೆ ಹೇಗೆ ಆಡಬೇಕು, ಮಾತಾಡಬೇಕು ಎಂದು ತಾಯಿಗೆ ತೋರಿಸುತ್ತಿದ್ದಳು. ಕೆಲವರಿಗೆ ಎರಡೂ. ಇಪ್ಪತ್ತು ವರ್ಷದ ನಂತರ ನೋಡಿದರೆ, ಆಟ ಮಾತು ಸಿಕ್ಕ ಮಕ್ಕಳ ಗಳಿಕೆ ಉಳಿದವರಿಗಿಂತ ಶೇಕಡ 25 ಹೆಚ್ಚು.

ಅನ್ನ ಮೈ ಬೆಳೆಸುತ್ತದೆ, ಮೆದುಳನ್ನೂ ಬೆಳೆಸುತ್ತದೆ. ಆದರೆ ಆ ಮೆದುಳನ್ನು ಎಬ್ಬಿಸುವುದು ಮಾತು. ಹೊರಗೆ ತೆಲುಗು, ಉರ್ದು, ಹಿಂದಿ ಇರಲಿ, ಕೂಸಿಗೆ ತುತ್ತು ಇಡುವಾಗ ನಿಮ್ಮ ಮನೆಯ ಕನ್ನಡದಲ್ಲಿ ಮಾತಾಡಿ. ಜೋಗುಳ ಹಾಡಿ. ಚಂದಮಾಮನನ್ನು ತೋರಿಸಿ. ಇದಕ್ಕೆ ದುಡ್ಡು ಬೇಕಿಲ್ಲ, ಮೊಬೈಲು ಪಕ್ಕಕ್ಕಿಟ್ಟರೆ ಸಾಕು.

ನಾಚಾರಂ ಕೂಸಿನ ಸುದ್ದಿ ಹೇಳದೆ ಮುಗಿಸಲೇ? ಡಾಕ್ಟರು ಪರೀಕ್ಷಿಸಿ ಬೇರೆ ಕಾಯಿಲೆಯಿಲ್ಲ, ರಕ್ತ ಕಡಿಮೆಯಿದೆ ಎಂದು ಕಬ್ಬಿಣದ ಹನಿ ಕೊಟ್ಟರಂತೆ. ಚಹಾ ಬಿಸ್ಕತ್ತು ನಿಂತಿತು. ಬೇಳೆ ಕಟ್ಟಿನ ಜಾಗಕ್ಕೆ ಬೇಳೆಯೇ ಬಂತು. ಅದನ್ನು ಕಿವುಚಿ ಕೊಡುವವರು ಈಗ ಅತ್ತೆಯವರೇ! ಒಂದು ವರ್ಷ ತುಂಬಿದ ದಿನ ಆಕೆ ಮತ್ತೆ ಕರೆ ಮಾಡಿದ್ದಳು. "ಅಕ್ಕಾ, ಏಳು ಕಿಲೋ ಇನ್ನೂರು ಆಗ್ಯಾಳ. ಗೆರಿ ಮ್ಯಾಲ ಹೊಂಟದ" ಎಂದಳು. ಇನ್ನೂ ಸಣ್ಣ ಮಗುವೇ. ಆದರೆ ಗೆರೆ ಮೇಲಕ್ಕೆ ತಿರುಗಿದೆ.

ನಿಮ್ಮ ಮನೆಯಲ್ಲಿ, ಅಕ್ಕಪಕ್ಕದಲ್ಲಿ ಎರಡು ವರ್ಷದೊಳಗಿನ ಕೂಸು ಇದ್ದರೆ, ಈ ವಾರ ಆ ಕಾರ್ಡು ತೆಗೆದು ಒಮ್ಮೆ ಗೆರೆ ನೋಡಿ. ಮತ್ತೆ ಗಾಳಿಯಲೆಯಲ್ಲಿ ಭೇಟಿಯಾಗೋಣ. ನಮಸ್ಕಾರ.